ಅಡಿಕೆ ಕೊಳೆರೋಗದ ಪುಟ ಗೂಗಲ್‌ನಲ್ಲಿ ಸಿಗುವಂತೆ ಮಾಡಿದ್ದು: ಎಸ್‌ಇಒ ಕಲಿಯುವವರಿಗೆ ಟಿಪ್ಪಣಿ

ನಮ್ಮ ಚಿಕ್ಕಪ್ಪ ಅಡಿಕೆ ಬೆಳೆಗಾರರು. ತೋಟದ ಕೆಲಸದ ಬಗ್ಗೆ ವರ್ಷಗಟ್ಟಲೆ ಬರೆದಿಟ್ಟಿದ್ದಾರೆ. ಕೊಳೆರೋಗ, ಬಸಿಗಾಲುವೆ, ಸೊಪ್ಪಿನ ಗೊಬ್ಬರ, ಎಲ್ಲವೂ ಇದೆ. ಅದನ್ನೆಲ್ಲ ಸೇರಿಸಿ ಒಂದು ವೆಬ್‌ಸೈಟ್ ಮಾಡಿದೆವು. ಗೂಗಲ್‌ನಲ್ಲಿ ಹುಡುಕಿದರೆ ಒಂದು ಪುಟವೂ ಸಿಗಲಿಲ್ಲ. ಯಾಕೆ ಎಂದು ಹುಡುಕುತ್ತಾ ಹೋಗಿಯೇ ನಾನು ಎಸ್‌ಇಒ, ಅಂದರೆ ಹುಡುಕಿದವರಿಗೆ ನಮ್ಮ ಪುಟ ಸಿಗುವಂತೆ ಮಾಡುವ ಕೆಲಸ, ಕಲಿತದ್ದು. ಇಂಗ್ಲಿಷ್ ಪಾಠಗಳಲ್ಲಿ ತಾಂತ್ರಿಕ ವಿಷಯ ಬೇಕಾದಷ್ಟು ಸಿಗುತ್ತದೆ. ಆದರೆ ಕನ್ನಡದ ಪುಟಕ್ಕೆ ಜಾಸ್ತಿ ಕೆಲಸ ಇರುವುದು ಅಕ್ಷರ ಮತ್ತು ಪದಗಳಲ್ಲಿ. ಅದನ್ನು ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಈ ಟಿಪ್ಪಣಿ.

ಮೊದಲು: ಪುಟ ಇಂಡೆಕ್ಸ್‌ನಲ್ಲಿ ಇದೆಯಾ?

ಸರ್ಚ್ ಎಂಜಿನ್ ಮೂರು ಹಂತದಲ್ಲಿ ಕೆಲಸ ಮಾಡುತ್ತದೆ. ಲಿಂಕ್ ಹಿಡಿದು ಬಂದು ಪುಟವನ್ನು ಓದುವುದು ಕ್ರಾಲ್. ಓದಿದ್ದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳುವುದು ಇಂಡೆಕ್ಸ್. ಯಾರಾದರೂ ಹುಡುಕಿದಾಗ ಯಾವ ಪುಟ ಮೇಲೆ, ಯಾವುದು ಕೆಳಗೆ ಎಂದು ಜೋಡಿಸುವುದು ರ‍್ಯಾಂಕಿಂಗ್. ಹೊಸಬರು ನೇರ ರ‍್ಯಾಂಕಿಂಗ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಇಂಡೆಕ್ಸ್ ಆಗದ ಪುಟಕ್ಕೆ ರ‍್ಯಾಂಕ್ ಎಲ್ಲಿಂದ ಬರಬೇಕು?

ಗೂಗಲ್ ಸರ್ಚ್ ಕನ್ಸೋಲ್ ಉಚಿತ. ನಿಮ್ಮ ಸೈಟನ್ನು ಅದಕ್ಕೆ ಸೇರಿಸಿ, ಮೇಲಿನ ಪೆಟ್ಟಿಗೆಯಲ್ಲಿ ಪುಟದ ವಿಳಾಸ ಹಾಕಿ. ಪುಟ ಇಂಡೆಕ್ಸ್ ಆಗಿದೆಯೋ ಇಲ್ಲವೋ, ಆಗದಿದ್ದರೆ ಕಾರಣ ಏನು ಎಂದು ಅದೇ ಹೇಳುತ್ತದೆ. ನಮ್ಮದರಲ್ಲಿ ‘ನೋಇಂಡೆಕ್ಸ್’ ಎಂದು ಬಂತು. ನಾವು ಸೈಟ್ ಕಟ್ಟಲು ಬಳಸಿದ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಎಂಬ ಪುಟ ಇದೆ. ಸರ್ಚ್ ಎಂಜಿನ್‌ಗಳು ಬರುವುದು ಬೇಡ ಎನ್ನುವ ಒಂದು ಟಿಕ್ ಗುರುತು ಅಲ್ಲಿರುತ್ತದೆ. ಸೈಟ್ ಕಟ್ಟುವಾಗ ಹಾಕಿದ್ದ ಟಿಕ್ಕನ್ನು ನಾನು ತೆಗೆದೇ ಇರಲಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಿ. ಸರ್ಚ್ ಎಂಜಿನ್‌ಗಳಿಗೆಂದು ಸೈಟಿನಲ್ಲಿ ಇಡುವ ರೋಬಾಟ್ಸ್ ಕಡತ (robots.txt) ಹೇಳುವುದು ‘ಈ ದಾರಿಯಲ್ಲಿ ಬರಬೇಡ’ ಎಂದು. ನೋಇಂಡೆಕ್ಸ್ ಹೇಳುವುದು ‘ಬಂದು ಓದು, ಆದರೆ ಪಟ್ಟಿಗೆ ಸೇರಿಸಬೇಡ’ ಎಂದು. ಎರಡನ್ನೂ ಒಟ್ಟಿಗೆ ಹಾಕಿದರೆ ಗೂಗಲ್ ಪುಟದ ಒಳಗೆ ಬರುವುದೇ ಇಲ್ಲ. ಆಗ ನೋಇಂಡೆಕ್ಸ್ ಅದರ ಕಣ್ಣಿಗೆ ಬೀಳುವುದೂ ಇಲ್ಲ. ಬೇರೆ ಕಡೆಯಿಂದ ಲಿಂಕ್ ಇದ್ದರೆ ಆ ವಿಳಾಸ ಹುಡುಕಾಟದಲ್ಲಿ ಕಾಣಿಸಿಕೊಳ್ಳಲೂಬಹುದು.

ಸೈಟ್‌ಮ್ಯಾಪ್, ಅಂದರೆ ಸೈಟಿನ ಪುಟಗಳ ವಿಳಾಸದ ಪಟ್ಟಿ, ಒಂದನ್ನು ಸರ್ಚ್ ಕನ್ಸೋಲ್‌ನಲ್ಲಿ ಸಲ್ಲಿಸಿಬಿಡಿ. ಒಂದು ಕಡತಕ್ಕೆ 50,000 ವಿಳಾಸಗಳ ಮಿತಿ ಇದೆ. ನಮ್ಮಂಥ ಸಣ್ಣ ಸೈಟಿಗೆ ಅದರ ಚಿಂತೆ ಬೇಡ.

ಕಣ್ಣಿಗೆ ಕನ್ನಡ, ಗೂಗಲ್‌ಗೆ ಬೇರೆ ಏನೋ

ಟಿಕ್ ತೆಗೆದ ಮೇಲೆ ಪುಟಗಳು ಇಂಡೆಕ್ಸ್ ಆದವು. ಆದರೂ ‘ಕೊಳೆರೋಗ’ ಎಂದು ಹುಡುಕಿದರೆ ಹಳೆಯ ಲೇಖನಗಳು ಬರಲಿಲ್ಲ. ಕಾರಣ ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಚಿಕ್ಕಪ್ಪ ಅವನ್ನು ಟೈಪ್ ಮಾಡಿಸಿದ್ದು ಹಳೆಯ ನುಡಿ ಫಾಂಟ್‌ನಲ್ಲಿ. ಅದು ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆ, ಅಲ್ಲ. ಅದರಲ್ಲಿ ‘ಕ’ ಎಂದು ಕಾಣುವುದು ಒಳಗೆ ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರ, ಪಕ್ಕದಲ್ಲಿ ತಲೆಕಟ್ಟಿಗಾಗಿ ಇನ್ನೊಂದು ಚಿಹ್ನೆ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ಸರ್ಚ್ ಎಂಜಿನ್ ವೇಷ ನೋಡುವುದಿಲ್ಲ. ಒಳಗಿರುವ ಅಕ್ಷರವನ್ನೇ ಓದುತ್ತದೆ. ಅಂದರೆ ಅಷ್ಟೂ ಲೇಖನಗಳು ಅದಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ.

ಕನ್ನಡ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಎಷ್ಟೋ ಹಳೆಯ ಸ್ಮರಣ ಸಂಚಿಕೆ, ಪತ್ರಿಕೆಯ ಸಂಚಿಕೆ, ಪಿಡಿಎಫ್‌ಗಳು ಹಳೆಯ ಫಾಂಟ್‌ನಲ್ಲೇ ಉಳಿದಿವೆ. ಪರೀಕ್ಷೆ ಸುಲಭ. ಪುಟದ ಒಂದು ಸಾಲು ಕಾಪಿ ಮಾಡಿ ಫೋನಿನ ಮೆಸೇಜ್‌ಗೆ ಹಾಕಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಇಂಗ್ಲಿಷ್ ಅಕ್ಷರಗಳು, ಕೊಂಬು, ಚುಕ್ಕಿ ಬಂದರೆ ಪರಿವರ್ತನೆ ಮಾಡಬೇಕು.

ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸಿದ ಮೇಲೆ ಓದಿ ನೋಡದೆ ಹಾಕಬೇಡಿ. ಅರ್ಕಾವತ್ತನ್ನು ಗಮನವಿಟ್ಟು ನೋಡಿ. ‘ಕರ್ನಾಟಕ’ ಬರೆಯುವಾಗ ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲೇ ಬರಬೇಕು. ತಪ್ಪುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ಕಣ್ಣಿಗೇ ಕಾಣದ ತಪ್ಪು: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ತೆಂಗು’ ಮತ್ತು ‘ತೆ೦ಗು’ ಎರಡನ್ನೂ ನೋಡಿ. ಎರಡನೆಯದರಲ್ಲಿ ಇರುವುದು ಅಂಕಿ. ಓದುಗರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಯಂತ್ರಕ್ಕೆ ಅವು ಬೇರೆ ಬೇರೆ. ನಾನು ಎಲ್ಲ ಪುಟಗಳಲ್ಲೂ ಆ ಸೊನ್ನೆಯನ್ನು ಹುಡುಕಿ ಬದಲಿಸಿದೆ. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಕರಪತ್ರವನ್ನು ಫೋಟೊ ತೆಗೆದು ಹಾಕುವುದೂ ಇಂಥದ್ದೇ. ಚಿತ್ರದೊಳಗಿನ ಬರಹವನ್ನು ನಂಬಿ ಕೂರಬೇಡಿ, ಅದನ್ನು ಕೆಳಗೆ ಟೈಪ್ ಮಾಡಿ ಹಾಕಿ.

ಜನ ಯಾವ ಪದದಲ್ಲಿ ಕೇಳುತ್ತಾರೆ?

ಇದು ನನಗೆ ಅತಿ ಇಷ್ಟವಾದ ಭಾಗ. ಒಂದೇ ಸಂಗತಿಗೆ ನಮ್ಮಲ್ಲಿ ಎಷ್ಟು ಹೆಸರು ನೋಡಿ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ರೋಗಕ್ಕೆ ಕೊಳೆರೋಗ ಎನ್ನುತ್ತೇವೆ. ಸಸ್ಯರೋಗದ ಇಂಗ್ಲಿಷ್ ಪುಸ್ತಕಗಳಲ್ಲೂ ಇದೇ ಹೆಸರು ಸೇರಿಹೋಗಿದೆ. ಕರಾವಳಿಯಲ್ಲಿ, ಕಾಸರಗೋಡಿನ ಕಡೆ, ಮಹಾಳಿ ಎಂಬ ಹೆಸರೂ ಇದೆ. ಅದಕ್ಕೆ ಸಿಂಪಡಿಸುವುದು ಬೋರ್ಡೋ ದ್ರಾವಣ. ಕೆಲವರು ಬೋರ್ಡೊ ಎಂದು ಬರೆಯುತ್ತಾರೆ. ರೈತರ ಬಾಯಲ್ಲಿ ಅದು ಮೈಲುತುತ್ತು, ಸುಣ್ಣ. ‘ಸಿಂಪಡಣೆ’ ಎಂದು ಇಲಾಖೆಯ ಕರಪತ್ರ ಹೇಳುತ್ತದೆ. ಕರಾವಳಿಯ ಬೆಳೆಗಾರ ಹೇಳುವುದು ‘ಮದ್ದು ಬಿಡುವುದು’. ಮಳೆ ತಾಗದಂತೆ ಗೊನೆಗೆ ಹೊದಿಕೆ ಕಟ್ಟುವುದಕ್ಕೆ ಮಲೆನಾಡಿನಲ್ಲಿ ‘ಕೊಟ್ಟೆ ಕಟ್ಟುವುದು’ ಎಂಬ ಮಾತು ಇದೆ.

ಚಿಕ್ಕಪ್ಪನ ಲೇಖನದ ಹೆಸರು ‘ಫಲಗಳ ಶಿಲೀಂಧ್ರ ಬಾಧೆ’ ಎಂದಿತ್ತು. ಆ ಮಾತಿನಲ್ಲಿ ಯಾರೂ ಹುಡುಕುವುದಿಲ್ಲ, ಅಲ್ವಾ? ‘ಅಡಿಕೆ ಕೊಳೆರೋಗ: ಬೋರ್ಡೋ ಮದ್ದು ತಯಾರಿಸುವುದು, ಯಾವಾಗ ಬಿಡುವುದು’ ಎಂದು ಬದಲಿಸಿದೆವು. ಒಳಗೆ ಮೊದಲ ಪ್ಯಾರಾದಲ್ಲೇ ಉತ್ತರ ಕೊಟ್ಟೆವು: ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮುಂಗಾರಿಗೆ ಮೊದಲು ಒಮ್ಮೆ, ಸುಮಾರು 40–45 ದಿನ ಬಿಟ್ಟು ಇನ್ನೊಮ್ಮೆ. ಮಹಾಳಿ, ಕೊಟ್ಟೆ ಇಂಥ ಪದಗಳು ವಿವರಣೆಯಲ್ಲಿ ತಾವಾಗಿಯೇ ಬಂದವು.

ಪದಗಳನ್ನು ಸುಮ್ನೆ ತುರುಕಬೇಡಿ. ಅದನ್ನು ಗೂಗಲ್ ಸ್ಪ್ಯಾಮ್ ಎಂದೇ ಲೆಕ್ಕ ಹಾಕುತ್ತದೆ. ಪುಟದ ಕೋಡ್ ಒಳಗೆ ಪದಗಳ ಪಟ್ಟಿ ಇಡುವ ಮೆಟಾ ಕೀವರ್ಡ್ಸ್ ಟ್ಯಾಗ್ ತುಂಬಿಸುವುದೂ ದಂಡ. ಅದನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಸಹಜವಾಗಿ ಬರೆದರೆ ಅಡಿಕೆಗೆ, ಅಡಿಕೆಯ, ಅಡಿಕೆಯಲ್ಲಿ ಎಂದು ವಿಭಕ್ತಿ ಸೇರಿದ ರೂಪಗಳು ಬರುತ್ತವೆ. ಆದರೆ ಟೈಟಲ್‌ನಲ್ಲಿ ಮಾತ್ರ ಪ್ರತ್ಯಯ ಸೇರದ ಮೂಲ ಪದ ಒಮ್ಮೆ ಇರಲಿ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಹುಡುಕುವವರೂ ಬಹಳ. ಅವರಿಗಾಗಿ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟೆ. ಇನ್ನೊಂದು ಕಾರಣವೂ ಇದೆ. ಕನ್ನಡದ ವಿಳಾಸ ಗೂಗಲ್‌ಗೆ ತೊಂದರೆಯಿಲ್ಲ. ಆದರೆ ಅದನ್ನು ಕಾಪಿ ಮಾಡಿದಾಗ ಬಹಳ ಸಲ ಶೇಕಡ ಚಿಹ್ನೆಗಳ ಸರಮಾಲೆ ಆಗಿಬಿಡುತ್ತದೆ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ವಿಳಾಸದಲ್ಲಿ ಒಂದೊಂದು ಬೈಟಿಗೂ ಶೇಕಡ ಚಿಹ್ನೆ ಸೇರಿ 3 ಅಕ್ಷರ. ‘ಅಡಿಕೆ’ಯಲ್ಲಿ ಸ್ವರಚಿಹ್ನೆ ಸೇರಿ 5 ಚಿಹ್ನೆ, ಅಂದರೆ 45 ಅಕ್ಷರ! ವಾಟ್ಸಾಪ್‌ನಲ್ಲಿ ಅಂಥ ಉದ್ದ ಲಿಂಕ್ ನೋಡಿ ಒತ್ತಲು ಹೆದರುವವರಿದ್ದಾರೆ.

ವೇಗ

ಗೂಗಲ್ ಮೂರು ಅಳತೆ ಕೊಡುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ಪುಟ ಅಲುಗಾಡುವ ಅಂಕ 0.1 ಮೀರಬಾರದು. ನಮ್ಮಲ್ಲಿ ಭಾರ ಇದ್ದದ್ದು ಫೋನಿನಿಂದ ನೇರ ಹಾಕಿದ ಫೋಟೊಗಳಲ್ಲಿ, ಅವನ್ನು ಕುಗ್ಗಿಸಿದೆ. ಕನ್ನಡ ಫಾಂಟ್ ತಡವಾಗಿ ಬಂದರೆ ಸಾಲುಗಳ ಎತ್ತರ ಬದಲಾಗಿ ಪುಟ ಜಿಗಿಯುತ್ತದೆ. ಹಾಗಾಗಿ ಒಂದೇ ಫಾಂಟ್, ಎರಡೇ ದಪ್ಪ ಸಾಕು.

ಲಿಂಕ್‌ಗಳು

ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ 1998ರಲ್ಲಿ ಲಿಂಕ್ ನೋಡಿ ಪುಟಕ್ಕೆ ಬೆಲೆ ಕಟ್ಟುವ ಪೇಜ್‌ರ‍್ಯಾಂಕ್ ಮುಂದಿಟ್ಟಾಗ ಮೂಲ ಯೋಚನೆ ಸರಳವಾಗಿತ್ತು: ಒಳ್ಳೆಯ ಪುಟಗಳು ಯಾರನ್ನು ತೋರಿಸುತ್ತವೋ ಅವರಿಗೆ ಬೆಲೆ ಜಾಸ್ತಿ. ಆಮೇಲೆ ಜನ ಲಿಂಕ್ ಮಾರಲು ಶುರು ಮಾಡಿದರು. 2012ರಲ್ಲಿ ಗೂಗಲ್ ತಂದ ಪೆಂಗ್ವಿನ್ ಎಂಬ ಬದಲಾವಣೆ ಅಂಥವರಿಗೆ ಪೆಟ್ಟು ಕೊಟ್ಟಿತು. ‘ಇಷ್ಟು ದುಡ್ಡಿಗೆ ಇಷ್ಟು ಲಿಂಕ್’ ಎಂದು ನಮಗೂ ಫೋನ್ ಬಂದಿತ್ತು. ದಯವಿಟ್ಟು ಕೊಳ್ಳಬೇಡಿ.

ನಾವು ಮಾಡಿದ್ದು ಇಷ್ಟು. ಪ್ರತಿ ಲೇಖನದಲ್ಲಿ ಬರೆದವರ ಹೆಸರು, ಎಷ್ಟು ವರ್ಷದ ಅನುಭವ, ಯಾವ ತಾಲ್ಲೂಕು ಎಂದು ಹಾಕಿದೆವು. ಗೂಗಲ್ ತನ್ನ ಗುಣಮಟ್ಟ ಪರಿಶೀಲಕರಿಗೆ ಕೊಡುವ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರ್‌ನಿಂದ ‘ಅನುಭವ’ವೂ ಒಂದು ಅಂಶ. ಅದು ನೇರವಾಗಿ ಅಂಕ ಕೊಡುವ ಲೆಕ್ಕ ಅಲ್ಲ. ಆದರೂ ತೋಟದಲ್ಲಿ ನಿಂತು ಬರೆದವರ ಮಾತಿಗೆ ಓದುಗರೇ ಬೆಲೆ ಕೊಡುತ್ತಾರೆ. ರೋಗದ ವಿಜ್ಞಾನ ಹೇಳುವ ಕಡೆ ವಿಟ್ಲದಲ್ಲಿ ಪ್ರಾದೇಶಿಕ ಕೇಂದ್ರ ಇರುವ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪುಟಕ್ಕೆ ಲಿಂಕ್ ಕೊಟ್ಟೆವು. ನಮ್ಮದೇ ಪುಟಗಳ ನಡುವೆಯೂ ಲಿಂಕ್ ಹಾಕಿದೆವು: ಕೊಳೆರೋಗದಿಂದ ಬಸಿಗಾಲುವೆಗೆ, ಅಲ್ಲಿಂದ ಗೊಬ್ಬರಕ್ಕೆ.

ಅಂಕಿ ಓದುವುದು

ಸರ್ಚ್ ಕನ್ಸೋಲ್‌ನಲ್ಲಿ ಇಂಪ್ರೆಷನ್ ಎಂದರೆ ಫಲಿತಾಂಶದಲ್ಲಿ ಕಾಣಿಸಿದ್ದು, ಕ್ಲಿಕ್ ಎಂದರೆ ಒಳಗೆ ಬಂದದ್ದು. ಇಂಪ್ರೆಷನ್ ಜಾಸ್ತಿ, ಕ್ಲಿಕ್ ಕಡಿಮೆ ಇದ್ದರೆ ಮೊದಲು ಟೈಟಲ್ ತಿದ್ದಿ ನೋಡಿ. ಜನ ಟೈಪ್ ಮಾಡಿದ ಪದಗಳ ಪಟ್ಟಿಯೂ ಅಲ್ಲೇ ಇದೆ. ಮುಂದಿನ ಲೇಖನ ಯಾವುದು ಎಂದು ನಾನು ಆರಿಸುವುದು ಆ ಪಟ್ಟಿ ನೋಡಿ.

ಬೆಳೆಯ ವಿಷಯಕ್ಕೆ ಋತು ಇದೆ ಎಂಬುದು ನೆನಪಿರಲಿ. ಮಳೆಗಾಲ ಮುಗಿದ ಮೇಲೆ ಕೊಳೆರೋಗದ ಕ್ಲಿಕ್ ಬಿದ್ದರೆ ಗಾಬರಿ ಬೇಡ. ಅಲ್ಲಿ 16 ತಿಂಗಳ ಅಂಕಿ ಸಿಗುತ್ತದೆ. ಈ ಜೂನನ್ನು ಹೋದ ಜೂನಿನ ಜೊತೆ ಹೋಲಿಸಿ. ಪ್ರತಿ ವರ್ಷ ಹೊಸ ಲೇಖನ ಹಾಕಿದರೆ ನಮ್ಮ ಪುಟಗಳೇ ಒಂದಕ್ಕೊಂದು ಪೈಪೋಟಿ ಆಗುತ್ತವೆ. ಅದಕ್ಕೆ ಹಳೆಯ ಪುಟವನ್ನೇ ತಿದ್ದುತ್ತೇವೆ. ಮೇ ತಿಂಗಳ ಮೊದಲ ವಾರದೊಳಗೆ ಚಿಕ್ಕಪ್ಪ ಆ ವರ್ಷದ ಮೈಲುತುತ್ತಿನ ದರ, ಹೊಸ ಫೋಟೊ ಕಳಿಸುತ್ತಾರೆ, ನಾನು ಸೇರಿಸುತ್ತೇನೆ. ವಿಳಾಸ ಮಾತ್ರ ಹಳೆಯದೇ.