ಬೆಲ್ಲದ ಕಾಫಿ ಕುಡಿದರೆ ಶುಗರ್ ಏರಲ್ವಾ?

ಚಿಕ್ಕಮಗಳೂರು ಕಡೆ ಯಾರ ಮನೆಗೆ ಹೋದರೂ ಕಾಫಿ ಕೊಡದೆ ಕಳಿಸಲ್ಲ. "ನಂಗೆ ಶುಗರ್ ಇದೆ" ಅಂದರೆ, "ಬೆಲ್ಲದ್ದೇ ಮಾಡ್ತೀವಿ ಬಿಡಿ, ಏನೂ ಆಗಲ್ಲ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ನಂಬಿಕೆ ಅಪಾಯದ್ದು.

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದಾಗ ಆವಿಯಾಗುವುದು ನೀರು. ಸುಕ್ರೋಸ್, ಅಂದರೆ ನಮ್ಮ ಬಿಳಿ ಸಕ್ಕರೆಯಲ್ಲಿರುವ ಅದೇ ಸಕ್ಕರೆ, ಅಲ್ಲೇ ಉಳಿಯುತ್ತದೆ. ಅಚ್ಚು ಬೆಲ್ಲದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಅದೇ. ಜೊತೆಗೆ ಒಂದಿಷ್ಟು ಗ್ಲೂಕೋಸ್, ಫ್ರಕ್ಟೋಸ್, ನೀರು, ಖನಿಜ. ಕಬ್ಬಿಣದ ಅಂಶ ಇರುವುದು ನಿಜ, ಆದರೆ ಕಾಫಿಗೆ ಹಾಕುವ ಚೂರಿನಲ್ಲಿ ಎಷ್ಟು ಇದ್ದೀತು? ಕರುಳಿನಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಜೋನಿಬೆಲ್ಲವಾದರೂ ಅಷ್ಟೇ.

ನಾಲಿಗೆಗೆ ಸಿಹಿ ಅನಿಸುವುದೇ ಬೇರೆ, ರಕ್ತದಲ್ಲಿ ಸಕ್ಕರೆ ಏರುವುದೇ ಬೇರೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದು. ರುಚಿಮೊಗ್ಗುಗಳಲ್ಲಿ ಎರಡು ಪ್ರೋಟೀನ್ ಸೇರಿ ಸಿಹಿಯನ್ನು ಗುರುತಿಸುವ ಒಂದು ಗ್ರಾಹಕ (ರಿಸೆಪ್ಟರ್) ಆಗಿರುತ್ತದೆ. ಸುಕ್ರೋಸ್ ಅದರ ಮೇಲೆ ಕೂತರೆ ಮೆದುಳಿಗೆ 'ಸಿಹಿ' ಅಂತ ಸುದ್ದಿ ಹೋಗುತ್ತದೆ. ಆದರೆ ಸುಕ್ರೋಸ್ ಹಿಡಿತ ಸಡಿಲ, ಬೇಗ ಬಿಟ್ಟುಹೋಗುತ್ತದೆ. ಅದಕ್ಕೇ ಚಮಚಗಟ್ಟಲೆ ಬೇಕು. ಸ್ಟೀವಿಯಾ ಅನ್ನುವ ಗಿಡದ ಎಲೆಯ ಸಿಹಿ ಅಂಶಗಳು ಹಾಗಲ್ಲ. ತೋಟದಲ್ಲಿ ಓಡಾಡುವಾಗ ಪಂಚೆಗೆ ಅಂಟುವ ಉತ್ತರಾಣಿ ಬೀಜದ ಹಾಗೆ, ಹಿಡಿದರೆ ಸುಲಭಕ್ಕೆ ಬಿಡಲ್ಲ. ಸಕ್ಕರೆಗಿಂತ 200-300 ಪಟ್ಟು ಸಿಹಿ. ಕಾಫಿ ಮುಗಿದ ಮೇಲೂ ಬಾಯಲ್ಲಿ ಸಿಹಿ ಉಳಿಯುತ್ತದೆ. ಕಹಿಯ ಗ್ರಾಹಕವನ್ನೂ ಮುಟ್ಟುವುದರಿಂದ ಕೊನೆಗೆ ಸ್ವಲ್ಪ ಕಹಿ. ಅಂದಹಾಗೆ, ಬೆಕ್ಕುಗಳಲ್ಲಿ ಈ ಜೋಡಿಯ ಒಂದು ಪ್ರೋಟೀನಿನ ಜೀನೇ ಕೆಟ್ಟಿದೆ. ಅವಕ್ಕೆ ಸಿಹಿ ಗೊತ್ತಾಗುವುದೇ ಇಲ್ಲ.

ಸಕ್ಕರೆಯ ಬದಲು ಬಳಸುವ ಕೃತಕ ಸಿಹಿಗಳಲ್ಲಿ ಕೆಲವು ಸಿಕ್ಕಿದ್ದು ಆಕಸ್ಮಿಕವಾಗಿ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಲ್ಲಿದ್ದಲು ಟಾರಿನ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರಜ್ಞ ಫಾಲ್‌ಬರ್ಗ್‌ಗೆ ಊಟದ ಹೊತ್ತಲ್ಲಿ ತನ್ನ ಕೈಯೇ ಸಿಹಿ ಅನಿಸಿತು. ಅದೇ ಸ್ಯಾಕರಿನ್. 1965ರಲ್ಲಿ ಶ್ಲಾಟರ್ ಎಂಬ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಕಾಗದ ಎತ್ತಲು ಬೆರಳು ನೆಕ್ಕಿದಾಗ ಆಸ್ಪರ್ಟೇಮ್ ಗೊತ್ತಾಯಿತು.

ಸ್ಟೀವಿಯಾ ಆಗಲಿ, ಈ ಕೃತಕ ಸಿಹಿಗಳಾಗಲಿ ರಕ್ತದ ಸಕ್ಕರೆಯನ್ನು ಬೆಲ್ಲದ ಹಾಗೆ ಏರಿಸಲ್ಲ. ಹಾಗಂತ ಸುಮ್ನೆ ಸುರಿದುಕೊಳ್ಳಬೇಡಿ. ತೂಕ ಇಳಿಸಲು ಇವನ್ನು ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಫಿನೈಲ್‌ಕೀಟೋನೂರಿಯ ಎಂಬ ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆ ಇರುವವರು ಆಸ್ಪರ್ಟೇಮ್ ಮುಟ್ಟಲೇಬಾರದು.

ಅಡುಗೆಮನೆಯಲ್ಲಿ ಇನ್ನೊಂದು ತೊಡಕು. ಕುದಿಯುವ ಪಾಯಸಕ್ಕೆ ಆಸ್ಪರ್ಟೇಮ್ ಹಾಕಿದರೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ, ಒಲೆಯಿಂದ ಇಳಿಸಿದ ಮೇಲೆ ಬೆರೆಸಬೇಕು. ಕಜ್ಜಾಯಕ್ಕಂತೂ ಇವು ಯಾವುವೂ ಆಗಿಬರಲ್ಲ. ಅಲ್ಲಿ ಬೆಲ್ಲ ಬರೀ ಸಿಹಿಗಲ್ಲ. ಪಾಕವಾಗಿ ಅಕ್ಕಿ ಹಿಟ್ಟನ್ನು ಹಿಡಿದಿಡುವುದೂ ಅದೇ, ಎಣ್ಣೆಯಲ್ಲಿ ಕಂದು ಬಣ್ಣ ತರುವುದೂ ಅದೇ. ಚಿಟಿಕೆ ಪುಡಿಯಿಂದ ಪಾಕ ಎಲ್ಲಿ ಬರಬೇಕು?