ಹಳೇ ಬಾಂಡಿಗೆ ಟಿನೋಪಾಲ್ ಹೊಳಪು ಬಂದರೆ

ಹೊಸ ಕಾಗದಕ್ಕೆ ವಯಸ್ಸು ತರಿಸುವುದು ಕಷ್ಟವೇನಲ್ಲ. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ, ನಾಲ್ಕು ಸಲ ಮಡಚಿದರೆ ಸಾಕು, ಅಜ್ಜನ ಪೆಟ್ಟಿಗೆಯಿಂದ ತೆಗೆದ ಹಾಗೆ ಕಾಣುತ್ತದೆ. ಹಳೇ ಸರ್ಕಾರಿ ಬಾಂಡುಗಳನ್ನು, ಅಂದರೆ ಸರ್ಕಾರ ಸಾಲ ಎತ್ತುವಾಗ ಬರೆದುಕೊಟ್ಟ ಪತ್ರಗಳನ್ನು, ಕೂಡಿಡುವ ಹವ್ಯಾಸಿಗಳು ಮೋಸ ಹೋಗುವುದು ಇಲ್ಲೇ. ಕತ್ತಲ ಕೋಣೆಯಲ್ಲಿ ಅತಿನೇರಳೆ ದೀಪ ಹಿಡಿದರೆ ಮಾತ್ರ ಕಥೆ ಬೇರೆ.

ಬಿಳಿ ಪಂಚೆಗೆ ಟಿನೋಪಾಲ್ ಹಾಕುತ್ತಿದ್ದುದು ನೆನಪಿದೆ ಅಲ್ವಾ? ಅದು ಕೊಳೆ ತೆಗೆಯುವುದಿಲ್ಲ. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿಕೊಂಡು, ಕಾಣುವ ನೀಲಿ ಬೆಳಕಾಗಿ ವಾಪಸ್ ಕೊಡುತ್ತದೆ. ಬಟ್ಟೆಯ ಹಳದಿ ಆ ನೀಲಿಯಲ್ಲಿ ಮರೆಯಾಗುತ್ತದೆ. ಇದೇ ಜಾತಿಯ ರಾಸಾಯನಿಕ ಕಾಗದದ ಕಾರ್ಖಾನೆಗಳಿಗೂ ಬಂತು, ಆದರೆ ಸುಮಾರು 1950ರ ಈಚೆಗೆ. ಹಾಗಾಗಿ 1913ರದ್ದು ಎನ್ನುವ ಚೀನಾ ಸರ್ಕಾರದ ಚಿನ್ನದ ಸಾಲದ ಬಾಂಡ್ ದೀಪದ ಕೆಳಗೆ ನೀಲಿಬಿಳಿಯಾಗಿ ಫಳಫಳ ಹೊಳೆದರೆ ಅನುಮಾನ ಪಡಲೇಬೇಕು. ಚಹಾ ಕಲೆ ಹೊಳಪನ್ನು ಮಂಕಾಗಿಸಬಹುದು, ಅಷ್ಟೇ.

ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅನ್ನುವಂತೆಯೂ ಇಲ್ಲ. ಹಳೇ ಪುಸ್ತಕದ ಖಾಲಿ ಹಾಳೆ ಹರಿದು ಅದರ ಮೇಲೆ ಅಚ್ಚು ಹಾಕುವ ಜಾಣರೂ ಇದ್ದಾರೆ. ಆಗ ಭೂತಗನ್ನಡಿ ಬೇಕು. ಆ ಕಾಲದ ಬಾಂಡುಗಳ ಚಿತ್ತಾರವನ್ನು ಹೆಚ್ಚಾಗಿ ಲೋಹದ ಫಲಕದಲ್ಲಿ ಕೊರೆದು ಒತ್ತುತ್ತಿದ್ದರು. ಗೆರೆ ಕಡಿಯದೆ ಸಾಗುತ್ತದೆ, ಶಾಯಿ ಬೆರಳಿಗೆ ಉಬ್ಬಾಗಿ ಸಿಗುತ್ತದೆ. ನೂರರ ಹೊಸ ನೋಟಿನಲ್ಲಿ ಗಾಂಧೀಜಿ ಚಿತ್ರದ ಮೇಲೆ ಬೆರಳಾಡಿಸಿ, ಗೊತ್ತಾಗುತ್ತದೆ. ಇಂಕ್‌ಜೆಟ್ ಪ್ರಿಂಟರಿನ ಗೆರೆಯಾದರೆ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದುಹೋಗುತ್ತದೆ.

ಒಮ್ಮೊಮ್ಮೆ ದೀಪ, ಗಾಜು ಯಾವುದೂ ಬೇಡ. ಓದಿದರೆ ಸಾಕು. 1934ರದ್ದು ಎನ್ನುವ ಅಮೆರಿಕದ ಬಾಂಡಿನಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಅಚ್ಚಾಗಿದ್ದರೆ ನಗು ಬರಬೇಕು, ಅದು ಶುರುವಾದದ್ದೇ 1963ರಲ್ಲಿ.

ಲೆಕ್ಕವೂ ಕಳ್ಳನನ್ನು ಹಿಡಿಯುತ್ತದೆ. 2012ರಲ್ಲಿ ಇಟಲಿಯ ತನಿಖೆಯೊಂದರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಮೂರು ಪೆಟ್ಟಿಗೆಗಳು ಸಿಕ್ಕವು. ಒಳಗೆ 1934ರ ತಾರೀಖಿನ ಅಮೆರಿಕದ ನಕಲಿ ಬಾಂಡುಗಳು, ಮುಖಬೆಲೆ ಒಟ್ಟು 6 ಲಕ್ಷ ಕೋಟಿ ಡಾಲರ್. 1934ರಲ್ಲಿ ಅಮೆರಿಕ ಸರ್ಕಾರದ ಮೇಲಿದ್ದ ಇಡೀ ಸಾಲವೇ ಸುಮಾರು 2,700 ಕೋಟಿ ಡಾಲರ್!