ವಯಸ್ಸು ನೋಡಿ ಲಾಕ್‌ಡೌನ್ ಸಡಿಲಿಸಿದರೆ ಮನೆಯೊಳಗೆ ಏನಾಗುತ್ತದೆ?

2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಮೆಲ್ಲಗೆ ಸಡಿಲವಾಗತೊಡಗಿತು. ಕೋಲಾರ ಹಸಿರು ವಲಯ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಕಿತ್ತಳೆ ವಲಯ ಅಂತ ಸೋಂಕಿನ ಮಟ್ಟ ನೋಡಿ ಜಿಲ್ಲೆಗಳಿಗೆ ಬಣ್ಣ ಕೊಟ್ಟ ಕೇಂದ್ರದ ಪಟ್ಟಿ ಬಂದಿತ್ತು. ವಲಯಕ್ಕೊಂದು ನಿಯಮ. ಆದರೆ ಒಂದು ನಿಯಮ ಮಾತ್ರ ಎಲ್ಲ ಬಣ್ಣಕ್ಕೂ ಒಂದೇ ಆಗಿತ್ತು. 65 ವರ್ಷ ದಾಟಿದವರು, 10 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮತ್ತು ಬೇರೆ ಕಾಯಿಲೆ ಇರುವವರು ಮನೆಯಲ್ಲೇ ಇರಬೇಕು. ಆಸ್ಪತ್ರೆಗೆ, ತೀರಾ ಅಗತ್ಯದ ಕೆಲಸಕ್ಕೆ ಮಾತ್ರ ಹೊರಗೆ ಬರಬಹುದು. ಮಿಕ್ಕವರು ವಲಯದ ನಿಯಮ ನೋಡಿಕೊಂಡು ಕೆಲಸಕ್ಕೆ ಹೋಗಬಹುದು.

ಈ ನಿಯಮವನ್ನು ಬೈಯಲು ನಾನು ಬರೆಯುತ್ತಿಲ್ಲ. ಅದರ ಹಿಂದೆ ಗಟ್ಟಿ ವಿಜ್ಞಾನ ಇತ್ತು. ಆದರೆ ಆ ವಿಜ್ಞಾನದಲ್ಲಿ ಅರ್ಧ ಮಾತ್ರ ನಿಯಮದೊಳಗೆ ಬಂತು. ಉಳಿದ ಅರ್ಧ ಇರುವುದು ನಮ್ಮ ಮನೆಗಳ ಒಳಗೆ. ಯಾರು ಯಾರ ಜೊತೆ ಉಣ್ಣುತ್ತಾರೆ, ಯಾರು ಯಾರ ಪಕ್ಕ ಮಲಗುತ್ತಾರೆ ಅನ್ನುವುದರಲ್ಲಿ.

ಮೊದಲು ಗಟ್ಟಿ ಇರುವ ಅರ್ಧವನ್ನು ನೋಡೋಣ. ಕೊರೊನಾ ಸೋಂಕು ತಗುಲಿದವರಲ್ಲಿ ಎಷ್ಟು ಜನ ಸಾಯುತ್ತಾರೆ ಅನ್ನುವುದನ್ನು ವಯಸ್ಸಿನ ಪ್ರಕಾರ 2020ರಲ್ಲಿ ಹಲವು ದೇಶಗಳ ಅಂಕಿ ಸೇರಿಸಿ ಲೆಕ್ಕ ಹಾಕಿದರು. 25ರ ವಯಸ್ಸಿನಲ್ಲಿ ಶೇ 0.01. ಅಂದರೆ 10 ಸಾವಿರ ಸೋಂಕಿತರಲ್ಲಿ ಒಬ್ಬರು. 55ಕ್ಕೆ ಶೇ 0.4. 65ಕ್ಕೆ ಶೇ 1.4. 75ಕ್ಕೆ ಶೇ 4.6. 85ಕ್ಕೆ ಶೇ 15. ಸುಮಾರು ಆರು ವರ್ಷ ವಯಸ್ಸು ಹೆಚ್ಚಾದರೆ ಅಪಾಯ ಎರಡು ಪಟ್ಟಾಗುತ್ತದೆ. 25ರ ಮೊಮ್ಮಗನಿಗೂ 75ರ ಅಜ್ಜಿಗೂ ಒಂದೇ ವೈರಸ್ ತಗುಲಿದರೆ ಅಜ್ಜಿಯ ಅಪಾಯ 460 ಪಟ್ಟು ಜಾಸ್ತಿ. ಇದು ಲಸಿಕೆ ಬರುವ ಮೊದಲಿನ ಲೆಕ್ಕ. ವಯಸ್ಸಿನ ಜೊತೆ ಇಷ್ಟು ಕಡಿದಾಗಿ ಏರುವ ಸೋಂಕುರೋಗಗಳು ಕಡಿಮೆ.

ಯಾಕೆ ಹೀಗೆ? ವೈರಸ್ ಒಳಗೆ ಬಂದ ಕೂಡಲೇ ನಮ್ಮ ಕೋಶಗಳು ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಬಿಡುಗಡೆ ಮಾಡಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ಮಕ್ಕಳ ಮೂಗಿನೊಳಗಿನ ಕೋಶಗಳಲ್ಲಿ ಈ ವ್ಯವಸ್ಥೆ ಮೊದಲೇ ಸಜ್ಜಾಗಿರುತ್ತದೆ. ವಯಸ್ಸಾದವರಲ್ಲಿ ಅದು ತಡವಾಗಿ, ಮೆಲ್ಲಗೆ ಶುರುವಾಗುತ್ತದೆ. 70 ದಾಟಿದವರಲ್ಲಿ ಸುಮಾರು ಶೇ 4ರಷ್ಟು ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್‌ನ ವಿರುದ್ಧ ಪ್ರತಿಕಾಯಗಳೂ ಇರುತ್ತವೆ. ಎದೆಮೂಳೆಯ ಹಿಂದೆ ಥೈಮಸ್ ಅನ್ನುವ ಗ್ರಂಥಿ ಇದೆ. ಹೊಸ ಶತ್ರುವನ್ನು ಗುರುತಿಸುವ ಟಿ ಕೋಶಗಳು ಪಕ್ವವಾಗುವುದು ಅಲ್ಲಿ. ಹರೆಯ ಕಳೆದ ಮೇಲೆ ಅದು ಕುಗ್ಗುತ್ತಾ ಹೋಗುತ್ತದೆ. ಹಾಗಾಗಿ ಹಿಂದೆಂದೂ ಕಾಣದ ವೈರಸ್ ಬಂದಾಗ ಮುದುಕರಿಗೇ ಏಟು ಜಾಸ್ತಿ.

ಇಷ್ಟು ಗೊತ್ತಾದ ಮೇಲೆ ಎಲ್ಲರನ್ನೂ ಯಾಕೆ ಕೂಡಿಹಾಕಬೇಕು, ಚಿಕ್ಕವರನ್ನು ಬಿಡೋಣ, ದೊಡ್ಡವರನ್ನು ಕಾಪಾಡೋಣ ಅನ್ನುವ ಯೋಚನೆ ಹಲವು ದೇಶಗಳಲ್ಲಿ ಹುಟ್ಟಿತು. ಟರ್ಕಿಯಲ್ಲಿ 2020ರ ಮಾರ್ಚ್‌ನಲ್ಲೇ 65 ದಾಟಿದವರು ಹೊರಗೆ ಬರುವಂತಿಲ್ಲ ಅಂತ ಆಜ್ಞೆಯಾಯಿತು. ಅವರು ಮತ್ತೆ ಬೀದಿ ನೋಡಿದ್ದು ಮೇ 10ರಂದು, ಅದೂ ನಾಲ್ಕು ಗಂಟೆ ಮಾತ್ರ. ಸ್ಪೇನ್ ಏಪ್ರಿಲ್ 26ರಿಂದ 14 ವರ್ಷದೊಳಗಿನ ಮಕ್ಕಳನ್ನು ದಿನಕ್ಕೆ ಒಂದು ಗಂಟೆ ಬಿಟ್ಟಿತು. ಮೇ 2ರಿಂದ ವಯಸ್ಸಿಗೊಂದು ಹೊತ್ತು ಅಂತ ಗೊತ್ತು ಮಾಡಿತು. 70 ದಾಟಿದವರು ಬೆಳಿಗ್ಗೆ 10ರಿಂದ 12 ಮತ್ತು ಸಂಜೆ 7ರಿಂದ 8 ಗಂಟೆವರೆಗೆ, ಮಕ್ಕಳು ಮಧ್ಯಾಹ್ನ 12ರಿಂದ ಸಂಜೆ 7ರವರೆಗೆ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರ ಸಲಹೆ. 20ರಿಂದ 30 ವರ್ಷದವರನ್ನು ಮೊದಲು ಬಿಡಿ ಅಂತ 2020ರ ಏಪ್ರಿಲ್‌ನಲ್ಲಿ ಅವರು ಬರೆದರು. ಆದರೆ ಆ ಸಲಹೆಗೆ ಒಂದು ಷರತ್ತು ಇತ್ತು: ಅಪ್ಪ ಅಮ್ಮನ ಜೊತೆ ವಾಸ ಮಾಡದ ಯುವಕರು ಮಾತ್ರ. ಅಂಥವರು ಅಲ್ಲಿ ಸುಮಾರು 42 ಲಕ್ಷ ಇದ್ದರು. ಹೆಚ್ಚಿನವರ ನೆನಪಲ್ಲಿ ಉಳಿದದ್ದು ವಯಸ್ಸು. ನನ್ನ ಮಟ್ಟಿಗೆ ಆ ಸಲಹೆಯ ಜೀವ ಇದ್ದದ್ದು ಷರತ್ತಿನಲ್ಲಿ.

ಆ ಷರತ್ತನ್ನು ನಮ್ಮ ಕಡೆಗೆ ತಂದು ನೋಡಿ. ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮನೆಗೆ ಬರುವ ಹುಡುಗ ಹುಡುಗಿಯರು ಎಷ್ಟು ಜನ! ಅವರೆಲ್ಲ ಅಪ್ಪ ಅಮ್ಮ, ಅಜ್ಜಿ ತಾತನ ಜೊತೆಗೇ ಇರುವವರು. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದ ಮಕ್ಕಳೂ ಲಾಕ್‌ಡೌನ್ ಅಂದ ಕೂಡಲೇ ಊರಿಗೆ ಬಂದರು. ಹಾಗಾದರೆ ಇಲ್ಲಿ ಆ ಷರತ್ತಿಗೆ ಹೊಂದುವವರು ಯಾರು?

ರೋಗ ಹೇಗೆ ಹರಡುತ್ತದೆ ಅಂತ ಲೆಕ್ಕ ಹಾಕುವವರು ಒಂದು ಚೌಕದ ಪಟ್ಟಿ ಇಟ್ಟುಕೊಳ್ಳುತ್ತಾರೆ. ಸಂಪರ್ಕ ಕೋಷ್ಟಕ ಅನ್ನೋಣ. ಯಾವ ವಯಸ್ಸಿನವರು ದಿನಕ್ಕೆ ಯಾವ ವಯಸ್ಸಿನ ಎಷ್ಟು ಜನರನ್ನು ಹತ್ತಿರದಿಂದ ಭೇಟಿಯಾಗುತ್ತಾರೆ ಅನ್ನುವುದು ಅದರಲ್ಲಿರುತ್ತದೆ. 2008ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ ಯುರೋಪಿನ ಎಂಟು ದೇಶಗಳ 7,290 ಜನ ಒಂದು ದಿನ ಡೈರಿ ಬರೆದರು. ಯಾರ ಜೊತೆ ಮಾತಾಡಿದೆ, ಯಾರನ್ನು ಮುಟ್ಟಿದೆ ಅಂತ. ಒಟ್ಟು 97,904 ಭೇಟಿಗಳು ದಾಖಲಾದವು. ಓರಗೆಯವರ ಜೊತೆಗಿನ ಭೇಟಿಯೇ ಕೋಷ್ಟಕದಲ್ಲಿ ಒಂದು ಗೆರೆಯಾಗಿ ಎದ್ದು ಕಂಡಿತು. ಮಕ್ಕಳು ಮಕ್ಕಳ ಜೊತೆ, ಯುವಕರು ಯುವಕರ ಜೊತೆ. ಅದರ ಪಕ್ಕದಲ್ಲಿ ಸುಮಾರು 30 ವರ್ಷದ ಅಂತರದಲ್ಲಿ ಇನ್ನೊಂದು ಗೆರೆ, ಹೆತ್ತವರು ಮತ್ತು ಮಕ್ಕಳದು.

ಭಾರತಕ್ಕೆ ಇಂಥದೇ ಕೋಷ್ಟಕ ಹಾಕಿದರೆ ಮೂರನೆಯ ಗೆರೆಯೊಂದು ಕಾಣುತ್ತದೆ. ಅಜ್ಜ ಅಜ್ಜಿ ಮತ್ತು ಮೊಮ್ಮಕ್ಕಳದು. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದ ವಾರದಲ್ಲೇ, ರಾಜೇಶ್ ಸಿಂಗ್ ಮತ್ತು ರಣಜಯ್ ಅಧಿಕಾರಿ ಎಂಬ ಭೌತವಿಜ್ಞಾನಿಗಳು ಭಾರತದ ಬಗ್ಗೆ ಮಾಡಿದ ಲೆಕ್ಕದಲ್ಲಿ ಈ ಮೂರು ತಲೆಮಾರಿನ ಸಂಪರ್ಕವನ್ನು ಎತ್ತಿ ತೋರಿಸಿದ್ದರು. ಅಮೆರಿಕದ ಎಂಐಟಿಯ ಅರ್ಥಶಾಸ್ತ್ರಜ್ಞರು ಆ ಮೇ ತಿಂಗಳಲ್ಲಿ ಮಾಡಿದ ಇನ್ನೊಂದು ಲೆಕ್ಕದಲ್ಲಿ, ಎಲ್ಲರಿಗೂ ಒಂದೇ ಲಾಕ್‌ಡೌನ್ ಹಾಕುವ ಬದಲು ಮುದುಕರನ್ನು ಮಾತ್ರ ಬಿಗಿಯಾಗಿ ಕಾಪಾಡಿದರೆ ಸಾವೂ ಕಡಿಮೆ, ನಷ್ಟವೂ ಕಡಿಮೆ ಅಂತ ಬಂದಿತ್ತು. ಅದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳಿತ್ತು. ವಯಸ್ಸಿನ ಗುಂಪುಗಳ ನಡುವಿನ ಭೇಟಿ ಕಡಿಮೆಯಾದಷ್ಟೂ ಈ ಲಾಭ ಜಾಸ್ತಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಟ್ಟೆಯಿಂದ ಬಂದ ಮರಿಹುಳುಗಳನ್ನು ಎರಡನೇ ಜ್ವರ (ಹುಳು ಪೊರೆ ಬಿಡುವ ಹಂತ) ಕಳೆಯುವವರೆಗೆ ಚಾಕಿ ಕೇಂದ್ರದಲ್ಲಿ ಸಾಕುತ್ತಾರೆ. ಆಮೇಲಷ್ಟೇ ಅವು ರೈತರ ಹುಳು ಮನೆಗೆ ಬರುತ್ತವೆ. ಚಿಕ್ಕ ಹುಳಕ್ಕೆ ರೋಗ ಬೇಗ ತಗುಲುತ್ತದೆ. ಹಾಗಾಗಿ ಬೇರೆ ಕಟ್ಟಡ, ಬೇರೆ ಸೊಪ್ಪು, ಬೇರೆ ಕೈ. ದೊಡ್ಡ ಹುಳು ಮುಟ್ಟಿದವರು ಹಾಗೇ ಚಾಕಿ ಮನೆಗೆ ನುಗ್ಗುವಂತಿಲ್ಲ. ವಯಸ್ಸು ನೋಡಿ ಬೇರೆ ಮಾಡುವ ಕ್ರಮ ಇಲ್ಲಿ ಫಲ ಕೊಡುತ್ತದೆ, ಯಾಕೆಂದರೆ ನಿಜವಾಗಿಯೂ ಬೇರೆ ಮನೆ ಇದೆ. ಅದೇ ರೈತನ ಸ್ವಂತ ಮನೆಯಲ್ಲಿ? ನಡುಮನೆಯಲ್ಲಿ ಅಜ್ಜಿ, ಅವಳ ಪಕ್ಕ ಮೊಮ್ಮಗು. ಮಂಡಿಗೆ ಹೋಗಿ ಬಂದ ಮಗ ಕೂರುವುದು ಅವಳ ಎದುರಿಗೆ.

ಈಗ ಒಂದು ಸಣ್ಣ ಲೆಕ್ಕ. ಮನೆಯಲ್ಲಿ ಒಬ್ಬರಿಗೆ ಸೋಂಕು ಬಂದರೆ ಮನೆಯ ಇನ್ನೊಬ್ಬರಿಗೆ ತಗುಲುವ ಸಾಧ್ಯತೆ ಎಷ್ಟು? 2020ರಲ್ಲಿ 54 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಸರಾಸರಿ ಶೇ 16.6 ಅಂತ ಬಂತು. ಗಂಡ ಹೆಂಡತಿಯ ನಡುವೆ ಶೇ 37.8. ಮನೆಯಿಂದ ಹೊರಗೆ ದುಡಿಯಲು ಹೋಗುವ ಒಬ್ಬ ವ್ಯಕ್ತಿಗೆ ಒಂದು ತಿಂಗಳಲ್ಲಿ ಸೋಂಕು ಬರುವ ಸಾಧ್ಯತೆ ಶೇ 10 ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಹೊಸಿಲು ದಾಟದ ಅಜ್ಜಿಗೂ ಆ ಒಬ್ಬರಿಂದ ಸುಮಾರು ಶೇ 1.7ರಷ್ಟು ಅಪಾಯ. ಮನೆಯಿಂದ ಮೂವರು ಹೋದರೆ ಹತ್ತಿರ ಹತ್ತಿರ ಶೇ 5. ಒಬ್ಬ ಟೊಮೆಟೊ ಮಂಡಿಯಲ್ಲಿ ಹಮಾಲಿ, ಒಬ್ಬಳು ನರಸಾಪುರದ ಫ್ಯಾಕ್ಟರಿಯಲ್ಲಿ, ಇನ್ನೊಬ್ಬ ಆಟೊ ಓಡಿಸುತ್ತಾನೆ. ಇದು ನಮ್ಮಲ್ಲಿ ಸಾಮಾನ್ಯ ಮನೆ. ಅಜ್ಜಿಯ ಅಪಾಯ ನಿರ್ಧಾರವಾಗುವುದು ಅವಳು ಹೊರಗೆ ಹೋದಳಾ ಅನ್ನುವುದರಿಂದ ಮಾತ್ರವಲ್ಲ. ಆ ಮನೆಯಿಂದ ಎಷ್ಟು ಜನ, ಎಂಥ ಜಾಗಕ್ಕೆ ಹೋಗಿಬರುತ್ತಾರೆ ಅನ್ನುವುದರಿಂದ.

65ರ ಗೆರೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿಯವರಿಗೆ ಆಂಧ್ರ ಅಂದರೆ ಪಕ್ಕದ ಊರು. ಆ ಆಂಧ್ರಪ್ರದೇಶ ಮತ್ತು ತಮಿಳುನಾಡಿನಲ್ಲಿ 2020ರಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ರಮಣನ್ ಲಕ್ಷ್ಮೀನಾರಾಯಣ್ ಮತ್ತು ಸಂಗಡಿಗರು ಸುಮಾರು 85 ಸಾವಿರ ಸೋಂಕಿತರ 5,75,071 ಸಂಪರ್ಕಿತರನ್ನು ಪರಿಶೀಲಿಸಿದರು. ಆ ವರ್ಷ ಆಗಸ್ಟ್ 1ರವರೆಗೆ ಅಲ್ಲಿ ಸತ್ತವರಲ್ಲಿ 75 ದಾಟಿದವರು ಶೇ 17.9 ಮಾತ್ರ. ಅಮೆರಿಕದಲ್ಲಿ ಅದು ಶೇ 58.1. ನಮ್ಮ ಈ ಭಾಗದಲ್ಲಿ ಸಾವು ದಟ್ಟವಾಗಿದ್ದದ್ದು 50ರಿಂದ 64ರ ನಡುವೆ. ಸತ್ತವರಲ್ಲಿ ಶೇ 45ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಇತ್ತು. ನಮ್ಮಲ್ಲಿ ತೀರಾ ವಯಸ್ಸಾದವರ ಸಂಖ್ಯೆಯೇ ಕಡಿಮೆ ಅನ್ನುವುದು ಒಂದು ಕಾರಣ. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ ಶೇ 8.6 ಮಾತ್ರ. ಆದರೆ ಈ ಅಂಕಿಯನ್ನು ಓದುವಾಗ ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. 50ರಿಂದ 64 ಅಂದರೆ ಮನೆಗೆ ಅನ್ನ ತರುವವರು. ಬಸ್ ಓಡಿಸುವವರು, ಮಂಡಿಯಲ್ಲಿ ಮೂಟೆ ಹೊರುವವರು, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಅಂತ ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸದವರು. ಕಾಯಿಲೆ ಇರುವವರು ಮನೆಯಲ್ಲಿರಬೇಕು ಅಂತ ನಿಯಮ ಹೇಳಿತು. ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದವರು ಏನು ಮಾಡಬೇಕಿತ್ತು? 65ರ ಗೆರೆ ಅವರನ್ನು ಕೆಲಸಕ್ಕೆ ಕಳಿಸಿತು.

ಒಳಗೆ ಉಳಿದವರಿಗೂ ಮನೆ ಪುಕ್ಕಟೆಯಾಗಿ ಸಿಗಲಿಲ್ಲ. ವಯಸ್ಸಾದವರ ಸ್ನಾಯು ಬೇಗ ಕರಗುತ್ತದೆ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಪ್ರಯೋಗದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕೆಜಿ ಮಾಂಸ ಇಳಿದಿತ್ತು. ಮನೆಯಲ್ಲಿ ಕೂರುವುದು ಹಾಸಿಗೆ ಹಿಡಿದಷ್ಟು ಕೆಟ್ಟದ್ದಲ್ಲ, ನಿಜ. ಆದರೆ ಹೊಲದ ಬದುವಿನ ಮೇಲೆ ನಡೆಯುತ್ತಿದ್ದ, ಅರಳಿಕಟ್ಟೆಯವರೆಗೆ ಹೋಗಿ ನಾಲ್ಕು ಜನರ ಜೊತೆ ಮಾತಾಡಿ ಬರುತ್ತಿದ್ದ ತಾತನಿಗೆ ತಿಂಗಳುಗಟ್ಟಲೆ ಅದು ನಿಂತುಹೋದರೆ ಕಾಲಿನ ಬಲ, ಬಿಪಿ, ಮನಸ್ಸು ಮೂರೂ ಕೆಡುತ್ತವೆ. ಬಯಲಿನಲ್ಲಿ ಒಬ್ಬರೇ ನಡೆಯುವುದರಲ್ಲಿ ಸೋಂಕಿನ ಅಪಾಯ ತೀರಾ ಕಡಿಮೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಸೇರಿ ಟಿವಿ ನೋಡುವುದರಲ್ಲೇ ಜಾಸ್ತಿ. ಅವರನ್ನು ಒಳಗೆ ಕೂರಿಸಿ ನಾವು ಅಪಾಯದ ಕಡೆಗೇ ತಳ್ಳಿದೆವು ಅಲ್ವಾ?

ಮಕ್ಕಳ ವಿಷಯದಲ್ಲಿ ವಯಸ್ಸಿನ ವಿಜ್ಞಾನ ಒಂದು ಕಡೆ, ನಡೆದದ್ದು ಇನ್ನೊಂದು ಕಡೆ. 2021ರ ಜೂನ್ ಜುಲೈನಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಯ ರಕ್ತದಲ್ಲಿ ಆಗಲೇ ಪ್ರತಿಕಾಯ ಇತ್ತು. ಶಾಲೆ ಮುಚ್ಚಿದ್ದರೂ ಸೋಂಕು ಅವರನ್ನು ಮನೆಯಲ್ಲೇ ಮುಟ್ಟಿಹೋಗಿತ್ತು. ಶಾಲೆ ತೆರೆಯುವುದಾದರೆ ಪ್ರಾಥಮಿಕದಿಂದ ಶುರು ಮಾಡುವುದು ಜಾಣತನ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಖ್ಯಸ್ಥರಾಗಿದ್ದ ಬಲರಾಮ್ ಭಾರ್ಗವ ಆ ಜುಲೈನಲ್ಲಿ ಹೇಳಿದರು. ಮೊದಲು ಶಿಕ್ಷಕರಿಗೆ, ಸಿಬ್ಬಂದಿಗೆ ಲಸಿಕೆ ಹಾಕಿ ಅಂತಲೂ ಸೇರಿಸಿದರು. ನಮ್ಮ ರಾಜ್ಯದಲ್ಲಿ ಕ್ರಮ ತಿರುಗಾಮುರುಗಾ ಆಯಿತು. ಆಗಸ್ಟ್ 23ಕ್ಕೆ 9ರಿಂದ ಮೇಲಿನ ತರಗತಿಗಳು, ಸೆಪ್ಟೆಂಬರ್ 6ಕ್ಕೆ 6ರಿಂದ 8, ಅಕ್ಟೋಬರ್ 25ಕ್ಕೆ 1ರಿಂದ 5, ನವೆಂಬರ್ 8ಕ್ಕೆ ಅಂಗನವಾಡಿ. ಕಾಯಿಲೆಯ ಅಪಾಯ ಅತಿ ಕಡಿಮೆ ಇದ್ದವರು, ಮೊಬೈಲ್ ನೋಡಿ ಅಕ್ಷರ ಕಲಿಯಲು ಆಗದವರು, ಅಂಗನವಾಡಿಯ ಬಿಸಿ ಊಟ ನಂಬಿದ್ದವರು ಎಲ್ಲರಿಗಿಂತ ಕೊನೆಗೆ ಹೊರಗೆ ಬಂದರು. ಪಾವಗಡದ, ಗುಡಿಬಂಡೆಯ ಹಳ್ಳಿಯ ಒಂದನೇ ತರಗತಿಯ ಮಗುವಿಗೆ ಆ ಒಂದೂವರೆ ವರ್ಷ ಬದುಕಿನ ಕಾಲು ಭಾಗ. ಇದು ತಪ್ಪು ಕ್ರಮ ಅಂತಲೇ ನನ್ನ ಅಭಿಪ್ರಾಯ.

ಹಾಗಾದರೆ ವಯಸ್ಸಿನ ಲೆಕ್ಕ ಎಲ್ಲಿಯೂ ಕೆಲಸಕ್ಕೆ ಬರಲಿಲ್ಲವಾ? ಬಂತು. ಲಸಿಕೆಯಲ್ಲಿ ಬಂತು. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಮತ್ತು ಬೇರೆ ಕಾಯಿಲೆ ಇರುವ 45 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೆ, ಮೇ 1ರಿಂದ 18 ದಾಟಿದವರಿಗೆ. ಈ ಕ್ರಮದ ಹಿಂದೆ ಇದ್ದದ್ದು ಅದೇ ಕಡಿದಾದ ಏರಿನ ಲೆಕ್ಕ. ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಹೊರಗೆ ಹೋಗಬೇಡ ಅನ್ನುವ ನಿಯಮ ಬಾಗಿಲಿನವರೆಗೆ ಮಾತ್ರ ಕಾಯುತ್ತದೆ. ಲಸಿಕೆ ಅಜ್ಜಿಯ ಮೈಯೊಳಗೇ ಇರುತ್ತದೆ. ಮಗ ಸೋಂಕು ಹೊತ್ತು ಒಳಗೆ ಬಂದರೂ ಅವಳ ಜೀವ ಉಳಿಯುವ ಸಾಧ್ಯತೆ ಜಾಸ್ತಿ.

ಮುಂದೆ ಇಂಥದೇ ರೋಗ ಬಂದು, ಲಸಿಕೆ ಇನ್ನೂ ಬಾರದ ಆ ಮೊದಲ ತಿಂಗಳುಗಳಲ್ಲಿ ಏನು ಮಾಡಬೇಕು ಅನ್ನುವುದೇ ನಿಜವಾದ ಪ್ರಶ್ನೆ. ಅದಕ್ಕೆ ಬೇಕಾದ ವ್ಯವಸ್ಥೆ ನಮ್ಮಲ್ಲಿ ಆಗಲೇ ಇದೆ. 2020ರಲ್ಲಿ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮನೆ ಮನೆ ಸಮೀಕ್ಷೆಯಲ್ಲಿ ತೊಡಗಿ ಸುಮಾರು 1.59 ಕೋಟಿ ಮನೆಗಳಲ್ಲಿ ಹಿರಿಯರು, ಗರ್ಭಿಣಿಯರು, ಕಾಯಿಲೆ ಇರುವವರು ಯಾರು ಅಂತ ಪಟ್ಟಿ ಮಾಡಿದರು. ಬಿಸಿಲಲ್ಲಿ, ಕೆಲವು ಕಡೆ ಬೈಗುಳ ತಿಂದು ಮಾಡಿದ ಕೆಲಸ ಅದು. ಆ ಪಟ್ಟಿಗೆ ಇನ್ನೆರಡು ಪ್ರಶ್ನೆ ಸೇರಿಸಬೇಕು. ಈ ಮನೆಯಿಂದ ಯಾರು ಯಾರು ಎಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ? ಹಿರಿಯರಿಗೆ ಗಾಳಿಯಾಡುವ ಬೇರೆ ಕೋಣೆ ಇದೆಯಾ? ಎರಡಕ್ಕೂ ಉತ್ತರ ಸಿಕ್ಕರೆ ಮಂಡಿ ತೆರೆಯುವ ಮೊದಲು ಯಾವ ಹಮಾಲಿಗೆ ವಾರ ವಾರ ಪರೀಕ್ಷೆ ಮಾಡಬೇಕು, ಯಾರಿಗೆ ಒಳ್ಳೆಯ ಮಾಸ್ಕ್ ಮೊದಲು ಕೊಡಬೇಕು, ಜ್ವರ ಬಂದ ದಿನವೇ ಕೂಲಿ ಕೊಟ್ಟು ಯಾರನ್ನು ಊರಿನ ಹಾಸ್ಟೆಲಿನಲ್ಲಿ ಇರಿಸಬೇಕು ಅನ್ನುವುದು ಪಂಚಾಯಿತಿಗೆ ಗೊತ್ತಾಗುತ್ತದೆ. 25ರ ಹುಡುಗ ಒಬ್ಬನೇ ಇದ್ದರೆ ಅವನನ್ನು ಬಿಡಬಹುದು. ಅದೇ 25ರ ಹುಡುಗನ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವ ಅಪ್ಪ ಇದ್ದರೆ ಅವನಿಗೆ ಬೇರೆ ಏರ್ಪಾಡು ಬೇಕು, ಅದರ ಖರ್ಚು ಅವನ ಜೇಬಿನಿಂದ ಹೋಗಬಾರದು.